ಮಂಡಕಳ್ಳಿಯ ಮುಂದಿನ 20 ವರ್ಷ: ಸಣ್ಣ ವಿಮಾನ ನಿಲ್ದಾಣವೊಂದು ಬೆಳೆಯುವ ಲೆಕ್ಕ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್ ಉದ್ದ, 30 ಮೀಟರ್ ಅಗಲ ಇದೆ. ಇಲ್ಲಿಗೆ ಯಾವ ವಿಮಾನ ಬರಬಹುದು, ಅದು ಎಷ್ಟು ದೂರ ಹಾರಬಹುದು, ಎಷ್ಟು ಅಗ್ನಿಶಾಮಕ ವಾಹನ ಬೇಕು, ಸುತ್ತಲಿನ ಊರುಗಳಲ್ಲಿ ಎಷ್ಟು ಮಹಡಿ ಕಟ್ಟಬಹುದು ಎಂಬುದೆಲ್ಲ ಈ ಎರಡು ಅಳತೆಗಳಿಗೆ ಜೋಡಿಕೊಂಡಿದೆ. ರನ್‌ವೇಯನ್ನು 2,750 ಮೀಟರ್‌ಗೆ ಹಿಗ್ಗಿಸಿ 45 ಮೀಟರ್ ಅಗಲ ಮಾಡುವ ಪ್ರಸ್ತಾವ, ಅದಕ್ಕೆ ಸುಮಾರು 240 ಎಕರೆ ಭೂಸ್ವಾಧೀನ, ನಂಜನಗೂಡು ಹೆದ್ದಾರಿಯನ್ನು ಏನು ಮಾಡುವುದು ಎಂಬ ಪ್ರಶ್ನೆ ವರ್ಷಗಳಿಂದ ಸುದ್ದಿಯಲ್ಲಿವೆ. ಆ ಸಂಖ್ಯೆಗಳು ಎಲ್ಲಿಂದ ಹುಟ್ಟುತ್ತವೆ ಎಂದು ತಿಳಿದರೆ ಚರ್ಚೆಯಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂಬುದು ತಾನಾಗಿ ಕಾಣುತ್ತದೆ.

ಮಂಡಕಳ್ಳಿಯಲ್ಲಿ ವಿಮಾನ ಇಳಿಯುವ ಜಾಗ ಮೈಸೂರು ಸಂಸ್ಥಾನದ ಕಾಲದ್ದು, 1940ರ ದಶಕದ್ದು. ಈಗಿನ ರೂಪ ಬಂದದ್ದು 2010ರಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ವಿಮಾನ ಶುರುವಾಗಿ, 2011ರ ನವೆಂಬರಿನಲ್ಲಿ ನಿಂತುಹೋಯಿತು. ಮುಂದೆ ಬೇರೆ ಸಂಸ್ಥೆಗಳು ಬಂದವು, ಹೋದವು. 2017ರಲ್ಲಿ, ಸಣ್ಣ ಊರುಗಳ ಹಾರಾಟಕ್ಕೆ ಸರ್ಕಾರ ನೆರವು ಕೊಡುವ ಉಡಾನ್ ಯೋಜನೆಯಡಿ, ಚೆನ್ನೈಗೆ ಹಾರಾಟ ಮತ್ತೆ ಆರಂಭವಾಯಿತು. ದೊಡ್ಡ ನಿಲ್ದಾಣದಲ್ಲಿ ಒಂದು ವಿಮಾನ ಸಂಸ್ಥೆ ಹೊರಟುಹೋದರೆ ಶೇ 5ರಷ್ಟು ಸಂಚಾರ ಕಡಿಮೆಯಾದೀತು. ಸಣ್ಣ ನಿಲ್ದಾಣದಲ್ಲಿ ಅರ್ಧಕ್ಕರ್ಧ, ಕೆಲವೊಮ್ಮೆ ಪೂರ್ತಿ ಸಂಚಾರವೇ ಹೋಗುತ್ತದೆ. ಆದ್ದರಿಂದ ಸಣ್ಣ ನಿಲ್ದಾಣದ ದೀರ್ಘಾವಧಿ ಯೋಜನೆ ಮಾಡುವವರು ಪಾಲಿಸಬೇಕಾದ ಸೂತ್ರ ಇಷ್ಟು: ಜಾಗವನ್ನೂ ಆಕಾಶವನ್ನೂ ಬೇಗ ಕಾಯ್ದಿರಿಸಬೇಕು, ಕಾಂಕ್ರೀಟನ್ನು ಆದಷ್ಟು ತಡವಾಗಿ ಸುರಿಯಬೇಕು. ಬಹುತೇಕ ಕಡೆ ಇದು ತಿರುವುಮುರುವಾಗುತ್ತದೆ. ಟರ್ಮಿನಲ್ ಮೊದಲು ಎದ್ದು ನಿಲ್ಲುತ್ತದೆ, ಭೂಮಿಯ ಕಡತ ಹಾಗೇ ಉಳಿಯುತ್ತದೆ.

ಉದ್ದದ ಲೆಕ್ಕ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ರನ್‌ವೇಗಳಿಗೆ ಒಂದು ಅಂಕಿ, ಒಂದು ಅಕ್ಷರದ ಸಂಕೇತ ಕೊಡುತ್ತದೆ. ಅಂಕಿ ವಿಮಾನಕ್ಕೆ ಬೇಕಾದ ಉದ್ದಕ್ಕೆ ಸಂಬಂಧಿಸಿದ್ದು: 1,200 ಮೀಟರಿನಿಂದ 1,800 ಮೀಟರಿನೊಳಗೆ 3, ಅದಕ್ಕಿಂತ ಮೇಲೆ 4. ಅಕ್ಷರ ರೆಕ್ಕೆಯ ಹರವಿಗೆ: 24ರಿಂದ 36 ಮೀಟರಿನೊಳಗಿದ್ದರೆ ‘ಸಿ’. 27 ಮೀಟರ್ ರೆಕ್ಕೆಯ, ಪ್ರೊಪೆಲ್ಲರಿನ ಸಣ್ಣ ವಿಮಾನ ಎಟಿಆರ್ 72 3ಸಿ. ಸುಮಾರು 36 ಮೀಟರ್ ರೆಕ್ಕೆಯ ಏರ್‌ಬಸ್ ಎ320 ಜೆಟ್ ವಿಮಾನ 4ಸಿ. ಅಕ್ಷರ ಒಂದೇ, ಆದರೆ ಮೂರರಿಂದ ನಾಲ್ಕಕ್ಕೆ ಹೋಗುವುದರಲ್ಲಿ ಖರ್ಚೆಲ್ಲ ಅಡಗಿದೆ. ಎಟಿಆರ್‌ಗೆ 30 ಮೀಟರ್ ಅಗಲ ಸಾಕು. ಎ320ರ ಚಕ್ರಗಳ ನಡುವಿನ ಅಂತರ ದೊಡ್ಡದು, ಅದಕ್ಕೆ 45 ಮೀಟರ್ ಬೇಕು. ತೂಕವೂ ಹಾಗೆಯೇ. ಎಟಿಆರ್ 72ರ ಗರಿಷ್ಠ ತೂಕ ಸುಮಾರು 23 ಟನ್, ಎ320ರದು 78 ಟನ್ ಆಸುಪಾಸು. ಹಾಗಾಗಿ ಹಳೆಯ ಭಾಗದ ಮೇಲೂ ಹೊಸ ಪದರ ಹಾಕಿ ಬಲಪಡಿಸದೆ ಕೇವಲ ತುದಿಗೆ ಒಂದು ಕಿಲೋಮೀಟರ್ ಸೇರಿಸಿದರೆ ಪ್ರಯೋಜನವಿಲ್ಲ.

ಈಗ ಮೈಸೂರಿನ ಎತ್ತರ ಮತ್ತು ಬಿಸಿಲನ್ನು ಲೆಕ್ಕಕ್ಕೆ ತರೋಣ. ವಿಮಾನ ತಯಾರಕರು ಹೇಳುವ ಉದ್ದ ಸಮುದ್ರಮಟ್ಟದಲ್ಲಿ, 15 ಡಿಗ್ರಿ ತಾಪದಲ್ಲಿ ಅಳೆದದ್ದು. ಎತ್ತರದಲ್ಲೂ ಬಿಸಿಲಲ್ಲೂ ಗಾಳಿ ತೆಳುವಾಗುತ್ತದೆ. ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್‌ಗೂ ತಳ್ಳುವ ಬಲ ಕಡಿಮೆ. ಪ್ರತಿ 300 ಮೀಟರ್ ಎತ್ತರಕ್ಕೆ ಶೇ 7ರಷ್ಟು ಉದ್ದ ಸೇರಿಸಬೇಕು, ಆ ಎತ್ತರದ ಪ್ರಮಾಣಿತ ತಾಪಕ್ಕಿಂತ ಹೆಚ್ಚಿರುವ ಪ್ರತಿ ಡಿಗ್ರಿಗೆ ಶೇ 1 ಸೇರಿಸಬೇಕು ಎಂಬುದು ಸ್ಥೂಲ ನಿಯಮ. ಮಂಡಕಳ್ಳಿಯ ಎತ್ತರ 700 ಮೀಟರ್ ಎಂದೇ ಹಿಡಿದರೂ ಎತ್ತರಕ್ಕೆ ಶೇ 16.3. ಅಲ್ಲಿನ ಪ್ರಮಾಣಿತ ತಾಪ ಸುಮಾರು 10.5 ಡಿಗ್ರಿ; ಏಪ್ರಿಲ್ ಮಧ್ಯಾಹ್ನದ 34 ಡಿಗ್ರಿಗೆ ಹೋಲಿಸಿದರೆ ವ್ಯತ್ಯಾಸ 23.5. ಅಂದರೆ ತಾಪಕ್ಕೆ ಶೇ 23.5. ಎರಡನ್ನೂ ಒಂದರ ಮೇಲೊಂದು ಗುಣಿಸಿದರೆ (1.163 × 1.235) 1.436. ಅಂದರೆ ಸಮುದ್ರಮಟ್ಟದಲ್ಲಿ ಪೂರ್ತಿ ತೂಕಕ್ಕೆ ಸುಮಾರು 1,300 ಮೀಟರ್ ಕೇಳುವ ಎಟಿಆರ್ ಇಲ್ಲಿ ಸುಮಾರು 1,870 ಕೇಳುತ್ತದೆ. 2,100 ಕೇಳುವ ಎ320 ಇಲ್ಲಿ 3,000 ದಾಟುತ್ತದೆ.

ಹಾಗಾದರೆ 1,740ರಲ್ಲಿ ಎಟಿಆರ್ ಹೇಗೆ ಏರುತ್ತದೆ? ಪೂರ್ತಿ ತೂಕ ಹೊರುವ ಅಗತ್ಯವೇ ಇಲ್ಲದಿರುವುದರಿಂದ. ಚೆನ್ನೈಗೆ ನೇರ ದೂರ ಸುಮಾರು 390 ಕಿ.ಮೀ., ಹೈದರಾಬಾದಿಗೆ 590. ಅಷ್ಟಕ್ಕೆ ಬೇಕಾದ ಇಂಧನ ಕಡಿಮೆ, ತೂಕ ಕಡಿಮೆ. ಕೇಳಬೇಕಾದ ಪ್ರಶ್ನೆ ‘ಎ320 ಇಳಿಯುತ್ತದೆಯೇ’ ಎಂಬುದಲ್ಲ. ‘ಎ320 ಏಪ್ರಿಲ್ ಮಧ್ಯಾಹ್ನ ಎಷ್ಟು ಪ್ರಯಾಣಿಕರನ್ನು ಹೊತ್ತು ಎಲ್ಲಿಯವರೆಗೆ ಹೋಗಬೇಕು’ ಎಂಬುದು. ಮುಂಬೈ ಸುಮಾರು 860 ಕಿ.ಮೀ., ದಿಲ್ಲಿ 1,800. ಎರಡೂ ಎ320ರ ಗರಿಷ್ಠ ವ್ಯಾಪ್ತಿಯ ಅರ್ಧಕ್ಕಿಂತ ಬಹಳ ಕೆಳಗಿವೆ, ಹಾಗಾಗಿ 2,750 ಮೀಟರ್ ತರ್ಕಬದ್ಧ ಗುರಿ. ಈ ಸ್ಥೂಲ ಸೂತ್ರ ಒಂದು ಅಂದಾಜು ಮಾತ್ರ. ಎತ್ತರ ಮತ್ತು ತಾಪದ ಒಟ್ಟು ತಿದ್ದುಪಡಿ ಶೇ 35 ಮೀರಿದರೆ ಪ್ರತ್ಯೇಕ ಅಧ್ಯಯನ ಮಾಡಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ, ಮೈಸೂರು ಆ ಗೆರೆಯನ್ನು ದಾಟುತ್ತದೆ. ಕೊನೆಯ ನಿರ್ಧಾರಕ್ಕೆ ಆಯಾ ವಿಮಾನದ ಕಾರ್ಯಕ್ಷಮತೆ ಕೋಷ್ಟಕವನ್ನೇ ನೋಡಬೇಕು.

ಒಂದು ಕಿಲೋಮೀಟರಿಗೆ ಇಷ್ಟು ಎಕರೆ ಏಕೆ

ರನ್‌ವೇ ಎಂದರೆ ಕಣ್ಣಿಗೆ ಕಾಣುವ ಕಪ್ಪು ಪಟ್ಟಿ ಮಾತ್ರ ಎಂದುಕೊಂಡರೆ 1,010 ಮೀಟರ್ ವಿಸ್ತರಣೆಗೆ ಸುಮಾರು ಹನ್ನೊಂದೂಕಾಲು ಎಕರೆ ಸಾಕು. ಆದರೆ ಆ ಪಟ್ಟಿಯ ಸುತ್ತ ‘ಸ್ಟ್ರಿಪ್’ ಎಂಬ ಖಾಲಿ ಹರವು ಇರಬೇಕು. ಉಪಕರಣದ ನೆರವಿನಿಂದ ನಿಖರವಾಗಿ ಇಳಿಯುವ ವ್ಯವಸ್ಥೆ ಬೇಕಾದರೆ ಮಧ್ಯರೇಖೆಯಿಂದ ಎರಡೂ ಕಡೆ 140 ಮೀಟರ್, ಒಟ್ಟು 280 ಮೀಟರ್ ಅಗಲ. ತುದಿಗಳಾಚೆ 60 ಮೀಟರ್. ಅದರಾಚೆ ವಿಮಾನ ತಪ್ಪಿ ಮುಂದೆ ಓಡಿದರೆ ಹಿಡಿದು ನಿಲ್ಲಿಸುವ ಸುರಕ್ಷಾ ಪ್ರದೇಶ. ಕನಿಷ್ಠ 90 ಮೀಟರ್ ಕಡ್ಡಾಯ, 240 ಮೀಟರ್ ಇರಲಿ ಎಂಬುದು ಶಿಫಾರಸು. 2010ರಲ್ಲಿ ಮಂಗಳೂರು, 2020ರಲ್ಲಿ ಕೋಯಿಕ್ಕೋಡ್ ದುರಂತಗಳಲ್ಲಿ ವಿಮಾನಗಳು ರನ್‌ವೇ ದಾಟಿ ಕೆಳಗುರುಳಿದವು. ಅವುಗಳ ನಂತರವೂ 240 ಮೀಟರನ್ನು ಉಳಿತಾಯದ ಬಾಬ್ತು ಎಂದು ನೋಡುವವರ ಮಾತಿಗೆ ಮಣೆ ಹಾಕಬಾರದು.

ಕೂಡಿಸಿ ನೋಡಿ. 2,750 ಮೀಟರಿಗೆ ಎರಡು ತುದಿಗಳ 60 ಸೇರಿದರೆ ಸ್ಟ್ರಿಪ್ 2,870 ಮೀಟರ್ ಉದ್ದ, 280 ಅಗಲ: ಸುಮಾರು 199 ಎಕರೆ. ಎರಡು ತುದಿಗಳ ಸುರಕ್ಷಾ ಪ್ರದೇಶ, 90 ಮೀಟರ್ ಅಗಲದಂತೆ, ಸುಮಾರು 11 ಎಕರೆ. ಇಳಿಯುವ ಕಡೆ 900 ಮೀಟರ್ ದೀಪದ ಸಾಲು ಬೇಕಾದರೆ, ಈಗಾಗಲೇ ಒಳಗಿರುವ 300 ಮೀಟರ್ (60 + 240) ಕಳೆದು ಉಳಿದ 600 ಮೀಟರಿಗೆ 60 ಮೀಟರ್ ಅಗಲದ ಪಟ್ಟಿ: ಇನ್ನು 9 ಎಕರೆ. ಹೊಸದಾಗಿ ಸೇರುವ 1,010 ಮೀಟರಿನ ಸ್ಟ್ರಿಪ್ ಒಂದೇ 70 ಎಕರೆ ನುಂಗುತ್ತದೆ. ಮುಂದೆಂದಾದರೂ ಸಮಾನಾಂತರ ಟ್ಯಾಕ್ಸಿವೇ (ವಿಮಾನ ರನ್‌ವೇಗೆ ಹೋಗಿ ಬರುವ ದಾರಿ) ಬೇಕಾದರೆ ಅದು ರನ್‌ವೇ ಮಧ್ಯರೇಖೆಯಿಂದ ಸುಮಾರು 160 ಮೀಟರ್ ದೂರ ಇರಬೇಕು. ಏಪ್ರನ್ (ವಿಮಾನ ನಿಲ್ಲುವ ಅಂಗಳ), ಪರಿಧಿ ರಸ್ತೆ, ಚರಂಡಿ, ಸರಿಸುವ ಹೆದ್ದಾರಿ ಇವೆಲ್ಲ ಸೇರಿ ಎಕರೆಗಳು ನೂರು ದಾಟಿ ಇನ್ನೂರರತ್ತ ನಡೆಯುತ್ತವೆ.

ಟ್ಯಾಕ್ಸಿವೇ ವಿಷಯದಲ್ಲಿ ಒಂದು ಮಾತು. ಅದಿಲ್ಲದಿದ್ದರೆ ಇಳಿದ ವಿಮಾನ ರನ್‌ವೇ ಮೇಲೆಯೇ ತಿರುಗಿ ಬರಬೇಕು, ಅಷ್ಟು ಹೊತ್ತು ಇನ್ನೊಂದು ವಿಮಾನ ಇಳಿಯುವಂತಿಲ್ಲ. ದಿನಕ್ಕೆ ಹತ್ತು ಹನ್ನೆರಡು ವಿಮಾನಗಳಿರುವವರೆಗೆ ಇದರಿಂದ ಯಾರಿಗೂ ತೊಂದರೆಯಿಲ್ಲ. ಜಾಗ ಬಿಡಿ, ಕಟ್ಟಬೇಡಿ. ಆ ಜಾಗದಲ್ಲಿ ಮಾತ್ರ ಕಾರ್ಗೋ ಶೆಡ್, ಪೊಲೀಸ್ ವಸತಿಗೃಹ, ಟ್ಯಾಂಕ್ ಎಂದು ಏನನ್ನೂ ಎಬ್ಬಿಸಬಾರದು.

ಹೆದ್ದಾರಿಯೂ ಹಳಿಯೂ

ಮಂಡಕಳ್ಳಿಯ ಬಲು ತೊಡಕಿನ ಗಂಟು ಇದು. ನಂಜನಗೂಡಿನ ರಾಷ್ಟ್ರೀಯ ಹೆದ್ದಾರಿ 766 ಮತ್ತು ಚಾಮರಾಜನಗರದ ರೈಲು ಮಾರ್ಗ ನಿಲ್ದಾಣದ ಮಗ್ಗುಲಲ್ಲೇ ಹಾದುಹೋಗುತ್ತವೆ. ರನ್‌ವೇ ಕೆಳಗೆ ಸುರಂಗ ಮಾಡಿ ಅವುಗಳನ್ನು ದಾಟಿಸುವುದು ಒಂದು ದಾರಿ, ಬಳಸಿ ಹೋಗುವಂತೆ ಸರಿಸುವುದು ಇನ್ನೊಂದು.

ಸುರಂಗದ ಆಯ್ಕೆ ನಕ್ಷೆಯಲ್ಲಿ ಸಲೀಸಾಗಿ ಕಾಣುತ್ತದೆ. ಆದರೆ ಅದು 45 ಮೀಟರ್ ರನ್‌ವೇ ಕೆಳಗಷ್ಟೇ ಇದ್ದರೆ ಸಾಲದು. ಇಡೀ 280 ಮೀಟರ್ ಸ್ಟ್ರಿಪ್ ಅಗಲಕ್ಕೂ ಬೇಕು. ಚಾವಣಿ 78 ಟನ್ನಿನ ವಿಮಾನದ ಇಳಿಯುವ ಹೊಡೆತ ತಡೆಯಬೇಕು. ರಸ್ತೆಯನ್ನು 8 ಮೀಟರ್ ಕೆಳಗಿಳಿಸಲು 30ಕ್ಕೆ 1ರ ಇಳಿಜಾರಿನಲ್ಲಿ ಎರಡೂ ಕಡೆ 240 ಮೀಟರ್ ಸಾಕು. ರೈಲಿಗೆ 100ಕ್ಕೆ 1ರ ಇಳಿಜಾರು ಎಂದರೆ ಎರಡೂ ಕಡೆ 800 ಮೀಟರ್. ವಿದ್ಯುತ್ ತಂತಿಯ ಎತ್ತರವನ್ನೂ ಸೇರಿಸಿದರೆ ಅದಕ್ಕಿಂತ ಹೆಚ್ಚು. ಮಳೆಗಾಲದಲ್ಲಿ ನೀರು ನಿಲ್ಲದಂತೆ ಪಂಪು, ಅದಕ್ಕೆ ಪರ್ಯಾಯ ವಿದ್ಯುತ್, ಒಳಗೆ ಬೆಂಕಿ ನಂದಿಸುವ ವ್ಯವಸ್ಥೆ, ಭದ್ರತೆಯ ಕಣ್ಗಾವಲು ಇವು ವರ್ಷವರ್ಷದ ಖರ್ಚು. ಕೆಳಸೇತುವೆಗಳಲ್ಲಿ ಒಂದು ಮಳೆಗೆ ನೀರು ನಿಲ್ಲುವುದನ್ನು ನೋಡಿರುವ ಊರಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಸರಿಸುವ ಆಯ್ಕೆಗೂ ಷರತ್ತಿದೆ. ರಸ್ತೆಯ ಮೇಲೆ ಓಡುವ ಲಾರಿಯೂ ವಿಮಾನದ ಪಾಲಿಗೆ ಅಡೆತಡೆಯೇ. ಲೆಕ್ಕದಲ್ಲಿ ರಸ್ತೆಗೆ ಸುಮಾರು 5 ಮೀಟರ್, ರೈಲು ಹಳಿಗೆ ಸುಮಾರು 7 ಮೀಟರ್ ಎತ್ತರ ಹಿಡಿಯುತ್ತಾರೆ. ಇಳಿದಾರಿಯ ಕಲ್ಪಿತ ಇಳಿಜಾರು ರನ್‌ವೇ ತುದಿಯಿಂದ 60 ಮೀಟರ್ ಆಚೆ ಶುರುವಾಗಿ 50 ಮೀಟರಿಗೆ 1 ಮೀಟರಿನಂತೆ ಏರುತ್ತದೆ. ಸಮತಟ್ಟು ನೆಲದಲ್ಲಿ ಹಳಿ ಕನಿಷ್ಠ 410 ಮೀಟರ್ ದೂರ ಇರಬೇಕು, ರಸ್ತೆ 310 ಮೀಟರ್. ಅದಕ್ಕಿಂತ ಹತ್ತಿರ ಬಂದರೆ ಇಳಿಯುವ ಗೆರೆಯನ್ನೇ ಒಳಕ್ಕೆ ತಳ್ಳಬೇಕಾಗುತ್ತದೆ. ಕೋಟಿಗಟ್ಟಲೆ ಸುರಿದು ಕಟ್ಟಿದ ಉದ್ದ ಇಳಿಯುವಾಗ ಕೈಗೆ ಸಿಗುವುದಿಲ್ಲ. ಎರಡರಲ್ಲಿ ಸರಿಸುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಒಮ್ಮೆ ಖರ್ಚು, ಆಮೇಲೆ ತಲೆನೋವಿಲ್ಲ. ಆದರೆ ಬಳಸುದಾರಿಯ ಭೂಮಿಯನ್ನು ರನ್‌ವೇ ಭೂಮಿಯ ಜೊತೆಯಲ್ಲೇ, ಒಂದೇ ಅಧಿಸೂಚನೆಯಲ್ಲಿ ತೆಗೆದುಕೊಳ್ಳಬೇಕು. ಬೇರೆ ಬೇರೆ ಇಲಾಖೆಗಳಿಗೆ ಹಂಚಿದರೆ ಒಂದು ಮುಗಿದು ಇನ್ನೊಂದು ಉಳಿಯುತ್ತದೆ.

ಅಗಲ ಮಾಡುವ ಕೆಲಸದಲ್ಲೂ ಎಡವುವ ಜಾಗವಿದೆ. ಸುಲಭವೆಂದು ಒಂದೇ ಬದಿಗೆ 15 ಮೀಟರ್ ಸೇರಿಸಿದರೆ ಮಧ್ಯರೇಖೆ ಏಳೂವರೆ ಮೀಟರ್ ಸರಿಯುತ್ತದೆ. ನೀರು ಎರಡೂ ಕಡೆ ಹರಿಯಲು ಕೊಟ್ಟ ಉಬ್ಬು, ದೀಪಗಳು, ಇಳಿಯುವ ಉಪಕರಣದ ಜೋಡಣೆ ಎಲ್ಲವೂ ತಪ್ಪುತ್ತವೆ. ಎರಡೂ ಬದಿಗೆ ಏಳೂವರೆ ಏಳೂವರೆ ಸೇರಿಸುವುದೇ ಸರಿ. ಹಳೆಯ ನೆಲ ವರ್ಷಗಳಿಂದ ಕೂತಿರುತ್ತದೆ, ಹೊಸ ಮಣ್ಣು ಇನ್ನೂ ಕೂರಬೇಕು. ಸಂದಿಯಲ್ಲಿ ಉದ್ದಕ್ಕೂ ಬಿರುಕು ಬಿಡುವುದು ಇದರಿಂದಲೇ. ಹಳೆಯ ಅಂಚನ್ನು ಮೆಟ್ಟಿಲಿನಂತೆ ಕಡಿದು ಪದರ ಪದರವಾಗಿ ಬೆಸೆಯಬೇಕು. ಹಾರಾಟ ನಿಲ್ಲಿಸದೆ ರಾತ್ರಿ ಡಾಂಬರು ಹಾಕಿದರೆ, ಬೆಳಗಾಗುವ ಮುನ್ನ ಹೊಸ ಪದರದ ಕೊನೆಯಲ್ಲಿ ತಾತ್ಕಾಲಿಕ ಇಳಿಜಾರು ಮಾಡಬೇಕು. 5 ಸೆಂಟಿಮೀಟರಿನವರೆಗಿನ ಪದರಕ್ಕೆ ಅದು ಶೇ 1 ಮೀರಬಾರದು, ಅದಕ್ಕಿಂತ ದಪ್ಪವಾದರೆ ಶೇ 0.5.

ನೀರಿನ ಲೆಕ್ಕವನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ. ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದರೆ ಈಗಿನ ರನ್‌ವೇ ಮೇಲಿಂದ ಹರಿಯುವುದು ಸುಮಾರು 26 ಲಕ್ಷ ಲೀಟರ್. ವಿಸ್ತರಿಸಿದ ಮೇಲೆ 62 ಲಕ್ಷ. ಅದು ಪಕ್ಕದ ಹೊಲಕ್ಕೆ ನುಗ್ಗಬಾರದು. ಹಳೆಯ ಹಳ್ಳದ ಜಾಡು, ಯಾವ ಕೆರೆಗೆ ಸೇರುತ್ತದೆ ಎಂಬುದನ್ನು ಮೊದಲೇ ಗುರುತಿಸಿ ಕಾಲುವೆ ಕೊಡಬೇಕು.

ಆಕಾಶ, ಬೆಟ್ಟ, ಹಕ್ಕಿ

ನಿಲ್ದಾಣದ ಬೇಲಿಯ ಹೊರಗಿನ ಆಕಾಶವೂ ನಿಲ್ದಾಣದ್ದೇ. ರನ್‌ವೇ ಸುತ್ತ 4 ಕಿ.ಮೀ. ವರೆಗೆ 45 ಮೀಟರ್ ಎತ್ತರದಲ್ಲಿ ಒಂದು ಕಲ್ಪಿತ ಸಮತಲ, ಅದರ ಅಂಚಿನಿಂದ ಶೇ 5ರ ಏರಿನಲ್ಲಿ ಹೊರಕ್ಕೆ ಇನ್ನೊಂದು. ಇಳಿಯುವ ದಿಕ್ಕಿನಲ್ಲಿ 15 ಕಿ.ಮೀ. ವರೆಗೆ ಇಳಿಜಾರು ಚಾಚಿರುತ್ತದೆ. ಈ ಮೈಗಳನ್ನು ಯಾವುದೂ ಭೇದಿಸಬಾರದು. ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ 1,000 ಮೀಟರಿಗೂ ಎತ್ತರ, ನಿಲ್ದಾಣದ ನೆಲಕ್ಕಿಂತ 300 ಮೀಟರಿನಷ್ಟು ಮೇಲೆ. ಬೆಟ್ಟವನ್ನು ಸರಿಸಲಾಗದು. ಇಂಥ ಕಡೆ ವಿಮಾನ ಸುತ್ತು ಹಾಕಿ ಇಳಿಯುವ ಬದಿಯನ್ನು ನಿರ್ಬಂಧಿಸಿ, ಮೇಲೇರುವ ದಾರಿಯನ್ನು ಬೆಟ್ಟದಿಂದ ದೂರ ತಿರುಗಿಸುತ್ತಾರೆ. ನಂಜನಗೂಡು ರಸ್ತೆಯಲ್ಲಿ ಏಳುವ ಅಪಾರ್ಟ್‌ಮೆಂಟು, ಮೊಬೈಲ್ ಗೋಪುರ, ಹೈಟೆನ್ಷನ್ ಕಂಬಗಳನ್ನು ಮಾತ್ರ ತಡೆಯಬಹುದು. 2015ರ ಎತ್ತರ ನಿರ್ಬಂಧ ನಿಯಮಗಳ ಪ್ರಕಾರ ಬಣ್ಣದ ವಲಯ ನಕ್ಷೆ ತಯಾರಿಸಿ ಸ್ಥಳೀಯ ಸಂಸ್ಥೆಗಳಿಗೆ ಕೊಡಲಾಗುತ್ತದೆ. ಆ ನಕ್ಷೆ ಮಾಡುವಾಗ ಇಂದಿನ 1,740 ಮೀಟರನ್ನಲ್ಲ, ಮುಂದಿನ 2,750 ಮೀಟರನ್ನೇ ಆಧಾರವಾಗಿ ಹಿಡಿಯಬೇಕು. ಇದಕ್ಕೆ ಕಾಸು ಖರ್ಚಿಲ್ಲ. ಮಾಡದಿದ್ದರೆ ಹತ್ತು ವರ್ಷದ ನಂತರ ಹತ್ತು ಮಹಡಿ ಕೆಡವಿಸುವ ವ್ಯಾಜ್ಯ ಹೆಗಲೇರುತ್ತದೆ.

ಹಕ್ಕಿಗಳ ವಿಷಯದಲ್ಲೂ ಕಾನೂನು ಸ್ಪಷ್ಟ: ನಿಲ್ದಾಣದ 10 ಕಿ.ಮೀ. ಒಳಗೆ ಬಯಲಲ್ಲಿ ಪ್ರಾಣಿವಧೆ, ಕಸ ಸುರಿಯುವುದು ನಿಷಿದ್ಧ. ನಗರದ ದಕ್ಷಿಣಕ್ಕಿರುವ ವಿದ್ಯಾರಣ್ಯಪುರದ ಸೂಯೆಜ್ ಫಾರಂನ ಕಸದ ರಾಶಿ ಈ ವ್ಯಾಪ್ತಿಯೊಳಗಿದೆ. ಹದ್ದುಗಳು ಸುತ್ತುವುದು ಅಂಥ ರಾಶಿಯ ಮೇಲೆಯೇ. ನಂಜನಗೂಡು ರಸ್ತೆಯ ದಳವಾಯಿ ಕೆರೆಗೆ ಕೊಳಚೆ ಹರಿಯದಂತೆ ನೋಡಿಕೊಳ್ಳುವುದು ಕೂಡ, ಈ ದೃಷ್ಟಿಯಿಂದ, ವಿಮಾನ ಸುರಕ್ಷತೆಯ ಕೆಲಸ.

ಯಾರು ಹತ್ತುತ್ತಾರೆ

ಬೇಡಿಕೆಯ ಅಂದಾಜು ಮಾಡುವಾಗ ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಜಿಲ್ಲೆಗಳ ಜನಸಂಖ್ಯೆ ಕೂಡಿಸಿ ಗುಣಿಸಿಬಿಡುವುದು ಸಾಮಾನ್ಯ ತಪ್ಪು. 2018ರ ಡಿಸೆಂಬರಿನಲ್ಲಿ 3,050 ಮೀಟರ್ ರನ್‌ವೇಯೊಂದಿಗೆ ಕಣ್ಣೂರು ನಿಲ್ದಾಣ ತೆರೆದ ಮೇಲೆ ವಿರಾಜಪೇಟೆಯ ಕಡೆಯವರಿಗೆ ಅದೇ ಹತ್ತಿರ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ನಂತರ ದೇವನಹಳ್ಳಿಯೂ ಹತ್ತಿರವಾಯಿತು. ಮೈಸೂರಿನಿಂದ ನೇರ ಫ್ಲೈಬಸ್ ಇದೆ. ಮಂಡ್ಯದವರಿಗೆ ಮಂಡಕಳ್ಳಿ ಸುಮಾರು 55 ಕಿ.ಮೀ., ದೇವನಹಳ್ಳಿ ಅದರ ಎರಡು ಪಟ್ಟಿಗಿಂತ ಹೆಚ್ಚು. ಆದರೂ ದಿಲ್ಲಿಗೆ ದಿನಕ್ಕೆ ಹತ್ತಾರು ವಿಮಾನಗಳಿರುವ ಕಡೆಗೇ ಜನ ಹೋಗುತ್ತಾರೆ. ದೂರಕ್ಕಿಂತ ವೇಳಾಪಟ್ಟಿ ಮುಖ್ಯ. ಬೆಳಗ್ಗೆ ಹೋಗಿ ಸಂಜೆ ಮರಳುವಂತಿದ್ದರೆ ಮಾತ್ರ ವ್ಯಾಪಾರಸ್ಥರು ಇಲ್ಲಿಗೆ ಬರುತ್ತಾರೆ.

ಬೆಂಗಳೂರಿನ ಎರಡನೇ ನಿಲ್ದಾಣಕ್ಕೆ ಕನಕಪುರ ರಸ್ತೆಯ ಎರಡು ಜಾಗ, ನೆಲಮಂಗಲ–ಕುಣಿಗಲ್ ರಸ್ತೆಯ ಒಂದು ಜಾಗ ಪರಿಶೀಲನೆಯಲ್ಲಿವೆ. ಕನಕಪುರ ರಸ್ತೆ ಆಯ್ಕೆಯಾದರೆ ಮಂಡ್ಯ, ಮಳವಳ್ಳಿ, ಮದ್ದೂರಿನ ಪ್ರಯಾಣಿಕರ ಲೆಕ್ಕ ಪೂರ್ತಿ ಬದಲಾಗುತ್ತದೆ. ಇದಿನ್ನೂ ತೀರ್ಮಾನವಾಗದ ಸಂಗತಿ, ಹಾಗಾಗಿ ಒಂದೇ ಅಂದಾಜಿಗೆ ಜೋತುಬೀಳದೆ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಲೆಕ್ಕ ಇಟ್ಟುಕೊಳ್ಳಬೇಕು. ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ 150 ಕಿ.ಮೀ. ವ್ಯಾಪ್ತಿಯೊಳಗೆ ಬೇರೆ ಅಂತರರಾಷ್ಟ್ರೀಯ ನಿಲ್ದಾಣಕ್ಕೆ 25 ವರ್ಷ ತಡೆಯಿದೆ ಎಂಬುದು ಎಲ್ಲರಿಗೂ ಗೊತ್ತು; ಮೈಸೂರು ಮತ್ತು ಹಾಸನಕ್ಕೆ ಅದರಿಂದ ವಿನಾಯಿತಿ ಇದೆ ಎಂಬುದು ಕಡಿಮೆ ಜನಕ್ಕೆ ಗೊತ್ತು.

ಟರ್ಮಿನಲ್ ಅಳತೆಗೆ ವರ್ಷದ ಪ್ರಯಾಣಿಕರ ಸಂಖ್ಯೆಗಿಂತ ದಟ್ಟಣೆಯ ಗಂಟೆ ಮುಖ್ಯ. ದಿನಕ್ಕೆ 78 ಆಸನದ ನಾಲ್ಕು ಎಟಿಆರ್ ಬಂದು ಹೋದರೆ, ಶೇ 75 ಆಸನ ತುಂಬಿದರೆ, ವರ್ಷಕ್ಕೆ ಸುಮಾರು 1.7 ಲಕ್ಷ ಪ್ರಯಾಣಿಕರು. ಈ ಗಾತ್ರದ ನಿಲ್ದಾಣದಲ್ಲಿ ಅದರ ಶೇ 0.13, ಅಂದರೆ 220 ಜನ ಒಂದು ಗಂಟೆಯಲ್ಲಿ ಸೇರುತ್ತಾರೆ ಎಂದು ಹಿಡಿಯುವ ರೂಢಿಯಿದೆ. ತಲೆಗೆ 20ರಿಂದ 25 ಚದರ ಮೀಟರ್ ಎಂದರೆ 4,400ರಿಂದ 5,500 ಚದರ ಮೀಟರ್ ಕಟ್ಟಡ. ನಾಲ್ಕು ವಿಮಾನಗಳೂ ಒಂದೇ ಗಂಟೆಗೆ ಬರದಂತೆ ವೇಳೆ ಹಂಚಿದರೆ ಕಟ್ಟಡ ಹಿಗ್ಗಿಸದೆಯೇ ಇನ್ನೆರಡು ವಿಮಾನಗಳನ್ನು ಸಂಭಾಳಿಸಬಹುದು. ಎಷ್ಟೋ ಕಡೆ ಹೊಸ ಟರ್ಮಿನಲ್ ಬೇಕೆಂಬ ಕೂಗಿನ ಹಿಂದಿರುವುದು ವೇಳಾಪಟ್ಟಿಯ ಸಮಸ್ಯೆ.

ಹಂತ ಮತ್ತು ಹಣ

‘2030ಕ್ಕೆ ಇದು, 2035ಕ್ಕೆ ಅದು’ ಎಂದು ಇಸವಿ ಬರೆದ ಯೋಜನೆಗಳು ಸಣ್ಣ ನಿಲ್ದಾಣಕ್ಕೆ ಹೊಂದುವುದಿಲ್ಲ. ಇಸವಿಯ ಬದಲು ಸೂಚಕ ಬರೆಯಬೇಕು. ಸತತ ಎರಡು ವರ್ಷ ವಿಮಾನಗಳು ಶೇ 80 ತುಂಬಿ, ಎರಡಕ್ಕಿಂತ ಹೆಚ್ಚು ಸಂಸ್ಥೆಗಳು ಹಾರುತ್ತಿದ್ದರೆ ಏಪ್ರನ್ ಹಿಗ್ಗಿಸುವುದು. ಎ320 ಓಡಿಸುವ ಸಂಸ್ಥೆಯಿಂದ ಲಿಖಿತ ಬದ್ಧತೆ ಬಂದ ಮೇಲೆ ರನ್‌ವೇ ಗುತ್ತಿಗೆ ಕರೆಯುವುದು. ಏಪ್ರನ್‌ನಲ್ಲಿ ರೆಕ್ಕೆಗಳ ನಡುವೆ 4.5 ಮೀಟರ್ ಅಂತರ ಬೇಕು. ಮೂರು ಎಟಿಆರ್ ನಿಲ್ಲುವ ಸುಮಾರು 95 ಮೀಟರಿನಲ್ಲಿ ಎ320 ಎರಡೇ ನಿಲ್ಲುತ್ತವೆ.

ವಿಮಾನ ದೊಡ್ಡದಾದರೆ ಅಗ್ನಿಶಾಮಕ ದರ್ಜೆ ಐದರಿಂದ ಆರಕ್ಕೇರುತ್ತದೆ. ವಾಹನ ಒಂದರ ಬದಲು ಎರಡು, ನೀರು 5,400 ಲೀಟರಿನ ಬದಲು 7,900 ಲೀಟರ್. ಮೂರು ನಿಮಿಷದೊಳಗೆ ರನ್‌ವೇಯ ಯಾವ ತುದಿಗಾದರೂ ತಲುಪಬೇಕು. ರನ್‌ವೇ ಒಂದು ಕಿಲೋಮೀಟರ್ ಬೆಳೆದರೆ ಅಗ್ನಿಶಾಮಕ ಠಾಣೆ ಅದೇ ಜಾಗದಲ್ಲಿ ಇರಬಹುದೇ ಎಂದು ಅಳೆದು ನೋಡಬೇಕು. ಇದು ಯೋಜನಾ ವೆಚ್ಚದಲ್ಲಿ ಕೊನೆಗೆ ನೆನಪಾಗುವ ಬಾಬ್ತು.

ಆದಾಯದ ಕಡೆ ಒಂದು ಕಹಿ ಸತ್ಯವಿದೆ. 80ಕ್ಕಿಂತ ಕಡಿಮೆ ಆಸನದ ದೇಶೀಯ ವಿಮಾನಗಳಿಗೆ ಲ್ಯಾಂಡಿಂಗ್ ಶುಲ್ಕದ ವಿನಾಯಿತಿ ಇದೆ. 78 ಆಸನದ ಎಟಿಆರ್ ಎಷ್ಟು ಬಾರಿ ಇಳಿದರೂ ನಿಲ್ದಾಣಕ್ಕೆ ಆ ಬಾಬ್ತಿನಲ್ಲಿ ಏನೂ ಬರುವುದಿಲ್ಲ. ಉಡಾನ್ ನೆರವು ಒಂದು ಮಾರ್ಗಕ್ಕೆ ಮೂರು ವರ್ಷ. ಅದರಲ್ಲಿ ಶೇ 20ರಷ್ಟು ರಾಜ್ಯದ ಪಾಲು. ನೆರವು ಮುಗಿದ ದಿನ ಮಾರ್ಗವೂ ಮುಗಿಯುವ ಅಪಾಯವಿರುವುದರಿಂದ, ಮೂರನೇ ವರ್ಷದ ಆರಂಭದಲ್ಲೇ ದರ, ಆಸನ ಭರ್ತಿ ಎರಡನ್ನೂ ನೋಡಿ ಸಂಸ್ಥೆಯೊಂದಿಗೆ ಮಾತು ಶುರುಮಾಡಬೇಕು.

ಇನ್ನು ಭೂಮಿ. 2013ರ ಕಾಯ್ದೆಯ ಲೆಕ್ಕದಲ್ಲಿ ಮಾರುಕಟ್ಟೆ ಬೆಲೆಗೆ ಗ್ರಾಮೀಣ ಪ್ರದೇಶದ ಗುಣಕ, ಅದರ ಮೇಲೆ ಶೇ 100 ಸಾಂತ್ವನ ಮೊತ್ತ ಸೇರುತ್ತದೆ. ಹಣಕ್ಕಿಂತ ಹೆಚ್ಚು ಕಾಲ ತಿನ್ನುವುದು ದಾಖಲೆ. ತಾತನ ಹೆಸರಿನಲ್ಲೇ ಉಳಿದ ಪಹಣಿ, ಆಗದ ಪೌತಿ ಖಾತೆ, ಪೋಡಿ ಆಗದ ಜಂಟಿ ಸರ್ವೆ ನಂಬರು, ಖರಾಬಿನ ಗೊಂದಲ. ಪರಿಹಾರದ ಚೆಕ್ಕು ಯಾರ ಹೆಸರಿಗೆ ಬರೆಯಬೇಕೆಂದು ತಿಳಿಯದೆ ಹಣ ನ್ಯಾಯಾಲಯದಲ್ಲಿ ಠೇವಣಿಯಾಗುತ್ತದೆ, ರೈತನ ಕೈಗೆ ಸೇರಲು ವರ್ಷಗಳೇ ಹಿಡಿಯುತ್ತವೆ. ಅಧಿಸೂಚನೆಗೆ ಮೊದಲೇ ಊರಿನಲ್ಲಿ ಕಂದಾಯ ಅದಾಲತ್ ನಡೆಸಿ, ಹದ್ದುಬಸ್ತು ಮಾಡಿ, ಖಾತೆಗಳನ್ನು ಸರಿಪಡಿಸಿದರೆ ಎರಡೂ ಕಡೆಯ ಅರ್ಧ ಜಗಳ ತಪ್ಪುತ್ತದೆ. ಸರ್ವೆ ಮಾಡುವವರು ಜೊತೆಯಲ್ಲೇ ಕೊಳವೆಬಾವಿ, ತೆಂಗಿನ ಮರ, ದನದ ಕೊಟ್ಟಿಗೆಗಳನ್ನೂ ಪಟ್ಟಿ ಮಾಡಿ ಭೂಮಾಲೀಕರ ಸಹಿ ಪಡೆಯಬೇಕು. ಆ ಪಟ್ಟಿಯ ಒಂದು ಪ್ರತಿ ಅದೇ ದಿನ ಅವರ ಕೈಯಲ್ಲಿರಬೇಕು.